ಪಾತಿಯಲ್ಲಿ ತಾನಾಗಿ ಬಂದ ಗಿಡಗಳು

ಮೈಸೂರಿನಲ್ಲಿ ಮನೆಯ ಹಿಂದೆ ನಾಲ್ಕು ಮಾರು ನೆಲವುಳ್ಳವರಿಗೆಲ್ಲ ಒಂದು ಸಂಗತಿ ತಿಳಿದೇ ಇರುವುದು. ಏಪ್ರಿಲ್ ಕೊನೆಯಲ್ಲಿಯೋ ಮೇ ತಿಂಗಳಿನಲ್ಲಿಯೋ ಗುಡುಗಿನಿಂದ ಕೂಡಿದ ಮಳೆ ಎರಡು ಸಲ ಬಿದ್ದಿತೆಂದರೆ, ಅದುವರೆಗೆ ಬೋಳಾಗಿದ್ದ ಕೆಂಪು ಮಣ್ಣು ಒಂದು ವಾರದೊಳಗಾಗಿ ಹಸುರಾಗುವುದು. ನಾವು ಬಿತ್ತಿದುದು ದಂಟು, ಮೆಂತ್ಯ, ಬದನೆ. ಮೊಳೆತು ನಿಂತಿರುವುದು ಇಪ್ಪತ್ತು ಬಗೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಮತ್ತೆ ಬಲವಾದಾಗ ಇದೇ ನಾಟಕದ ಎರಡನೆಯ ಅಂಕ ನಡೆಯುವುದು. ಇವುಗಳಲ್ಲಿ ಯಾವುದನ್ನು ಕೀಳಬೇಕು, ಯಾವುದನ್ನು ಉಳಿಸಬೇಕು, ಯಾವುದನ್ನು ಅಡಿಗೆಮನೆಗೆ ಒಯ್ಯಬಹುದು, ಯಾವುದನ್ನು ಬರಿಗೈಯಿಂದ ಮುಟ್ಟಬಾರದು ಎಂಬುದನ್ನು ತಿಳಿಯುವ ಬಗೆ ಹೇಗೆ? ಶ್ರೋತೃಗಳೊಡನೆ ಈ ವಿಷಯವಾಗಿ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇವೆ.

ಕಳೆ ಎಂಬ ಮಾತನ್ನೇ ಮೊದಲು ಸ್ವಲ್ಪ ವಿಚಾರಿಸೋಣ. ಹುಟ್ಟಿನಿಂದಲೇ ಕಳೆಯೆನಿಸಿದ ಗಿಡ ಯಾವುದೂ ಇಲ್ಲ. ನಮಗೆ ಬೇಡವಾದ ಕಡೆ ಬೆಳೆದುದನ್ನು ಕಳೆಯೆನ್ನುತ್ತೇವೆ, ಅಷ್ಟೆ. ರಾಗಿಯ ಹೊಲದಲ್ಲಿ ಅಣ್ಣೆಸೊಪ್ಪು ಕಳೆ. ಅದನ್ನೇ ಕಿತ್ತು ಬುಟ್ಟಿಗೆ ತುಂಬಿ ಪೇಟೆಗೆ ತಂದರೆ ಸರಕು. ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಬೆರಕೆಸೊಪ್ಪು ಎಂಬ ಒಂದು ಸಂಪ್ರದಾಯ ಉಂಟು. ಹೊಲದ ಕಳೆ ಕೀಳಲು ಹೋದ ಹೆಂಗಸರು ಅಣ್ಣೆ, ಕೀರೆ, ಗೋಣಿ, ಗಣಿಕೆ, ಹೊನಗೊನ್ನೆ ಮುಂತಾದ ಎಳೆಯ ಕುಡಿಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಬರುವರು. ರಾತ್ರಿ ಅದು ಬಸ್ಸಾರಾಗಿಯೋ ಮಸ್ಸೊಪ್ಪಾಗಿಯೋ ಮುದ್ದೆಯ ಜೊತೆಗೆ ಎಲೆಗೆ ಬರುವುದು. ಹೀಗೆ ಆರಿಸುವವಳು ಪ್ರತಿಯೊಂದು ಎಲೆಯನ್ನೂ ಕಣ್ಣೆದುರಿಗೆ ಹಿಡಿದು ಪರೀಕ್ಷಿಸುವುದಿಲ್ಲ. ಆಕೆಯ ಬೆರಳುಗಳು ತಾವಾಗಿಯೇ ಆರಿಸುತ್ತವೆ, ಬಿಡುತ್ತವೆ. ಆದರೆ ಆ ಬೆರಳುಗಳಿಗೆ ತಾಯಿ ಅಜ್ಜಿಯರ ಹಿಂದೆ ಹೊಲದಲ್ಲಿ ತಿರುಗಿದ ಹತ್ತು ಹದಿನೈದು ವರ್ಷಗಳ ಶಿಕ್ಷಣ ಆಗಿದೆ. ಸರಸ್ವತೀಪುರದಲ್ಲಿಯೂ ಒಂಟಿಕೊಪ್ಪಲಿನಲ್ಲಿಯೂ ಮನೆ ಮಾಡಿಕೊಂಡು, ಪುಸ್ತಕ ಓದಿ ತೋಟ ಮಾಡುವ ನಮ್ಮಂತಹವರಿಗೆ ಅದು ಆಗಿಲ್ಲ. ಆಕೆಯಿಂದ ಸೊಪ್ಪನ್ನು ಕೊಂಡು ತಿನ್ನಬಹುದು. ಆಕೆಯಂತೆ ಆರಿಸುತ್ತೇವೆಂದು ಹೊರಡುವ ಮೊದಲು ಕಲಿಯತಕ್ಕ ಪಾಠ ಬಹಳ ಉಂಟು.

ಹೆಸರುಗಳಿಂದಲೇ ತೊಡಕು ಪ್ರಾರಂಭವಾಗುವುದು. ದತ್ತೂರ ಅಥವಾ ಉಮ್ಮತ್ತಿ ಎಂಬುದು ಕಹಳೆಯಂತಹ ದೊಡ್ಡ ಹೂವಿನ, ಮುಳ್ಳುಕಾಯಿಯ ವಿಷದ ಗಿಡ. ದತ್ತೂರಿ ಎಂಬುದು ಬೇರೆಯೇ ಒಂದು ವಂಶಕ್ಕೆ ಸೇರಿದ, ಹಳದಿ ಹೂವಿನ, ಎಲೆಯೆಲ್ಲ ಮುಳ್ಳಾದ ಗಿಡ. ಇವೆರಡಕ್ಕೂ ಹೆಸರಿನಲ್ಲಿ ಒಂದು ಗುಣಿತದಷ್ಟೇ ಅಂತರ. ಬ್ರಾಹ್ಮಿಯೆಂದರೆ ಕೆಲವರು ಒಂದೆಲಗವನ್ನು ತೋರಿಸುವರು; ಮತ್ತೆ ಕೆಲವರು ನೀರಿನ ಬಳಿ ಹಬ್ಬುವ, ಸಣ್ಣ ದಪ್ಪ ಎಲೆಯ ಬಕೋಪವನ್ನು ತೋರಿಸುವರು. ಇಬ್ಬರೂ ತಮ್ಮದೇ ನಿಜವೆನ್ನುವರು. ಸ್ವೀಡನ್ ದೇಶದ ಲಿನೇಯಸ್ ಎಂಬ ವಿದ್ವಾಂಸನು ೧೭೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಒಂದೇ ಹೆಸರನ್ನು ಇಟ್ಟುದು ಈ ತೊಡಕಿಗೆ ಪರಿಹಾರವಾಗಿಯೇ. ಆದರೂ ನಮ್ಮ ಜನರ ಹೆಸರುಗಳನ್ನು ಹಗುರವಾಗಿ ಕಾಣಲಾಗದು. ನಾಯಿಸಾಸಿವೆ, ನಾಯಿತುಳಸಿ, ಕಾಡುರಾಗಿ ಎಂಬ ಮಾತುಗಳನ್ನು ನೋಡಿ. ನಾಯಿ ಎಂದೋ ಕಾಡು ಎಂದೋ ಮುಂದೆ ಸೇರಿಸಿದವನು, ಇದು ಅದರಂತೆ ಕಾಣುವುದು, ಆದರೆ ಅದಲ್ಲ ಎಂಬ ಎಚ್ಚರಿಕೆಯನ್ನು ಒಂದೇ ಪದದಲ್ಲಿ ಇಟ್ಟುಹೋಗಿದ್ದಾನೆ. ಸಸ್ಯಶಾಸ್ತ್ರದ ಮೊದಲ ಪಾಠವೂ ಇದೇ ಅಲ್ಲವೆ?

ಇನ್ನು ಗುರುತಿಸುವ ಕ್ರಮ. ಬೀಜವನ್ನು ಎರಚಿ ಬಿತ್ತುವವನು ತನ್ನ ಕಷ್ಟವನ್ನು ತಾನೇ ಬಿತ್ತಿಕೊಳ್ಳುವನು. ಹಗ್ಗ ಹಿಡಿದು ಸಾಲಾಗಿ ಬಿತ್ತಿದರೆ, ಸಾಲಿನಲ್ಲಿ ಮೊಳೆತುದು ನಮ್ಮದು, ಸಾಲಿನ ಆಚೆಯದು ಅತಿಥಿ ಎಂದು ಅರ್ಧ ಪ್ರಶ್ನೆ ಆಗಲೇ ತೀರುವುದು. ಸಾಲಿನ ಒಳಗೇ ಬಂದ ಅತಿಥಿಗಳಿಗಾಗಿ ಇನ್ನೊಂದು ಉಪಾಯವಿದೆ. ಅದೇ ಬೀಜದಲ್ಲಿ ಹತ್ತನ್ನು ಒಂದು ಕುಂಡದಲ್ಲಿ, ಚೆನ್ನಾಗಿ ಹುರಿದು ಆರಿಸಿದ ಮಣ್ಣಿನಲ್ಲಿ ಬಿತ್ತಿ ಜೊತೆಗೆ ಇಟ್ಟುಕೊಳ್ಳುವುದು. ಹುರಿದ ಮಣ್ಣಿನಲ್ಲಿ ಕಳೆಯ ಬೀಜ ಸತ್ತಿರುವುದರಿಂದ ಆ ಕುಂಡದಲ್ಲಿ ಬರುವುದು ನಾವು ಬಿತ್ತಿದುದೇ. ಪಾತಿಯ ಸಸಿಯನ್ನು ಅದಕ್ಕೆ ಹೋಲಿಸಿ ನೋಡಿದರೆ ಸಾಕು.

ಮೊಳಕೆಯಲ್ಲಿ ಮೊದಲು ಕಾಣುವ ಬೀಜದಳಗಳಿಗೂ ಅನಂತರ ಬರುವ ನಿಜವಾದ ಎಲೆಗಳಿಗೂ ರೂಪದಲ್ಲಿ ಬಹಳ ವ್ಯತ್ಯಾಸವಿರುವುದುಂಟು. ಗಜ್ಜರಿಯ ಪಾತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಜ್ಜರಿಯ ಬೀಜದಳಗಳು ದಬ್ಬಳದಂತೆ ಸಣ್ಣಗೆ ಉದ್ದವಾಗಿರುವುವು. ಅದರ ಪಕ್ಕದಲ್ಲಿಯೇ ಚಿಕ್ಕ ದುಂಡು ಬೀಜದಳಗಳಿಂದ ಹೊರಟು, ಕೆಲವು ದಿನಗಳ ಮೇಲೆ ಗಜ್ಜರಿಯಂತೆಯೇ ಸೀಳುಸೀಳಾದ ಎಲೆಗಳನ್ನು ನೆಲಕ್ಕೆ ಹರಡುವ ಸಸಿಯೊಂದು ಬಂದರೆ, ಅದು ಪಾರ್ಥೇನಿಯಮ್ ಆಗಿರಬಹುದು. ಮೆಂತ್ಯದ ಮಡಿಯಲ್ಲಿಯೂ ಹೀಗೆಯೇ. ಮೆಂತ್ಯಕ್ಕೆ ಮೂರು ಕಿರುಎಲೆ, ಪುಲ್ಲಂಪುರಚಿಗೂ ಮೂರು ಕಿರುಎಲೆ. ಆದರೆ ಪುಲ್ಲಂಪುರಚಿಯ ಕಿರುಎಲೆ ತುದಿಯಲ್ಲಿ ಒಳಕ್ಕೆ ಕಚ್ಚಿ ಹೃದಯದ ಆಕಾರವಾಗಿರುವುದು, ಸಂಜೆಯಾದರೆ ಮಡಿಚಿಕೊಳ್ಳುವುದು. ಮೆಂತ್ಯದ್ದು ನೀಳವಾಗಿ, ಅಂಚಿನಲ್ಲಿ ಸಣ್ಣ ಹಲ್ಲುಗಳುಳ್ಳದ್ದು, ಹಿಸುಕಿದರೆ ಮೆಂತ್ಯದ ವಾಸನೆಯನ್ನೇ ಕೊಡುವುದು.

ಕೈಗೆ ಸಿಕ್ಕಿದ ಗಿಡವನ್ನು ನಾಲ್ಕು ಕಡೆಗಳಿಂದ ವಿಚಾರಿಸಬೇಕು. ಕಾಂಡವನ್ನು ಎರಡು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಅದು ದುಂಡೋ ಚೌಕವೋ ಮೂರು ಮೂಲೆಯದೋ ತಿಳಿಯುವುದು. ಚೌಕವಾಗಿದ್ದು ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದರೆ, ಬಹುಮಟ್ಟಿಗೆ ತುಳಸಿ, ತುಂಬೆ, ಪುದೀನಗಳ ವಂಶದ್ದು. ಎಲೆಯ ಕಂಕುಳನ್ನು ನೋಡಬೇಕು. ಕೀರೆಯಂತೆಯೇ ಕಾಣುವ ಗಿಡದಲ್ಲಿ ಎಲೆ ಕಾಂಡಕ್ಕೆ ಸೇರುವೆಡೆ ಒಂದು ಜೋಡಿ ಮುಳ್ಳಿದ್ದರೆ ಅದು ಮುಳ್ಳುದಂಟು. ಎಲೆಯನ್ನು ಹಿಸುಕಿ ಮೂಸಬೇಕು. ಕಡೆಯದಾಗಿ ಕಾಂಡವನ್ನು ಮುರಿದು, ಒಸರುವುದು ನೀರೋ ಹಾಲೋ ಹಳದಿ ರಸವೋ ನೋಡಬೇಕು. ರುಚಿ ನೋಡುವ ಪದ್ಧತಿಯೊಂದನ್ನು ಮಾತ್ರ ನಾವು ಒಪ್ಪುವುದಿಲ್ಲ. ಹೆಸರು ತಿಳಿಯದ ಗಿಡವನ್ನು ನಾಲಗೆಗೆ ತಾಕಿಸುವುದು ಜಾಣತನವಲ್ಲ. ಹಿಸುಕಿದ ಕೈಯನ್ನು ತೊಳೆಯದೆ ಕಣ್ಣಿಗೆ ತರುವುದೂ ಅಲ್ಲ.

ಹಾಲಿನ ಪರೀಕ್ಷೆಯು ಗೋಣಿಸೊಪ್ಪಿನ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಗೋಣಿಸೊಪ್ಪು ನೆಲಕ್ಕೆ ಒರಗಿ ಹಬ್ಬುವುದು, ಕಾಂಡ ಕೆಂಪು, ರಸಭರಿತ, ಎಲೆ ದಪ್ಪ. ಬಿಸಿಲಿನಲ್ಲಿ ಮಾತ್ರ ಅರಳುವ ಹಳದಿ ಹೂವು. ಕಾಯಿಯ ಮೇಲ್ಭಾಗವು ಕರಡಿಗೆಯ ಮುಚ್ಚಳದಂತೆ ಕಳಚಿಕೊಂಡು ಕರಿಯ ಬೀಜಗಳನ್ನು ಚೆಲ್ಲುವುದು. ಅದರ ಪಕ್ಕದಲ್ಲಿಯೇ, ಅದರಂತೆಯೇ ನೆಲಕ್ಕೆ ಅಂಟಿಕೊಂಡು, ಕೆಂಪು ಕಾಂಡವನ್ನೇ ಹರಡಿ, ಯೂಫೋರ್ಬಿಯ ಜಾತಿಯ ಸಣ್ಣ ಗಿಡಗಳು ಬೆಳೆಯುವುವು. ಇವುಗಳ ಎಲೆ ತೆಳು. ಕಾಂಡವನ್ನು ಮುರಿದ ಕೂಡಲೆ ಬಿಳಿಯ ಹಾಲು ಹನಿಯುವುದು. ಆ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ. ಗೋಣಿಸೊಪ್ಪಿನಲ್ಲಿ ಎಂದಿಗೂ ಹಾಲು ಬಾರದು. ಆದುದರಿಂದ ಗೋಣಿಸೊಪ್ಪನ್ನು ಕುಯ್ಯುವಾಗ ಬುಡದಲ್ಲಿ ಒಂದೊಂದನ್ನೂ ಮುರಿದು ನೋಡಿ ಬುಟ್ಟಿಗೆ ಹಾಕುವುದು ಮೇಲು. ಹಾಲು ಬರುವುದೆಲ್ಲ ವಿಷವೆಂದು ಇದರಿಂದ ಯಾರೂ ತಿಳಿಯಬಾರದು. ಲೆಟ್ಯೂಸ್ ಸೊಪ್ಪು ಬಲಿತು ಹೂವಿನ ಕಾಂಡ ಎತ್ತಿದಾಗ ಅದರಲ್ಲಿಯೂ ಹಾಲು ಬರುವುದು. ಈ ಎರಡು ಗಿಡಗಳ ನಡುವಣ ವ್ಯಾಜ್ಯಕ್ಕೆ ಮಾತ್ರ ಅದು ಸಾಕ್ಷಿ.

ಹುಲ್ಲಿನಂತೆ ಕಾಣುವುದೆಲ್ಲ ಹುಲ್ಲಲ್ಲ. ಗರಿಕೆಯ ಕಾಂಡ ದುಂಡು, ಗೆಣ್ಣುಳ್ಳದ್ದು. ಜೇಕಿನ ಕಾಂಡಕ್ಕೆ ಮೂರು ಮೂಲೆ, ಹೂಗೊಂಚಲಿನ ವರೆಗೆ ಗೆಣ್ಣಿಲ್ಲ. ಕೊನ್ನಾರಿಗಡ್ಡೆಯೆಂದೂ ಭದ್ರಮುಷ್ಟಿಯೆಂದೂ ಕರೆಯುವ ಈ ಜೇಕನ್ನು, ೧೯೭೭ರಲ್ಲಿ ಪ್ರಕಟವಾದ ಜಗತ್ತಿನ ಕಳೆಗಳ ಒಂದು ಪ್ರಸಿದ್ಧ ಗ್ರಂಥದಲ್ಲಿ, ಎಲ್ಲಕ್ಕಿಂತ ಕೆಟ್ಟ ಕಳೆಯೆಂದು ಮೊದಲನೆಯ ಸ್ಥಾನದಲ್ಲಿ ಕೂರಿಸಿದ್ದಾರೆ. ನಮ್ಮ ವೈದ್ಯರು ಗಡ್ಡೆಯ ಪರಿಮಳಕ್ಕೂ ಗುಣಕ್ಕೂ ಅದನ್ನು ಆದರಿಸುತ್ತ ಬಂದಿದ್ದಾರೆಂಬುದು ತೋಟಗಾರನಿಗೆ ಅಷ್ಟೇನೂ ಸಮಾಧಾನದ ಸಂಗತಿಯಲ್ಲ. ಇದನ್ನು ಗುರುತಿಸದೆ ಹುಲ್ಲೆಂದು ಹಿಡಿದು ಎಳೆದರೆ ಮೇಲಿನ ಗರಿಗಳು ಮಾತ್ರ ಕೈಗೆ ಬರುವುವು. ಕೆಳಗೆ ತಂತಿಯಂತಹ ಬೇರುಕಾಂಡದಲ್ಲಿ ಗಡ್ಡೆಗಳು ಮಣಿಸರದಂತೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿರುವ ತನಕ ತುದಿಯ ಮೊಳಕೆಯು ಉಳಿದ ಗಡ್ಡೆಗಳನ್ನು ತಡೆದಿಟ್ಟಿರುತ್ತದೆ. ಗುದ್ದಲಿಯಿಂದ ಸರವನ್ನು ಕತ್ತರಿಸಿದರೆ ಆ ತಡೆ ಹೋಗಿ ಒಂದೊಂದು ಗಡ್ಡೆಯೂ ತಾನೇ ಗಿಡವಾಗುತ್ತದೆ. ಒಂದು ಸಲ ಅಗೆದು ಕೈಬಿಟ್ಟವನ ತೋಟದಲ್ಲಿ ಜೇಕು ಮೊದಲಿಗಿಂತ ಹೆಚ್ಚಾಗುವುದಕ್ಕೆ ಕಾರಣ ಇದು. ಎರಡು ಮೂರು ವಾರಗಳಿಗೊಮ್ಮೆ ಬಿಡದೆ, ಗಡ್ಡೆಯ ಸಮೇತ ತೆಗೆಯುತ್ತ ಹೋದರೆ ಒಳಗಿನ ದಾಸ್ತಾನು ತೀರುವುದು. ಜೇಕಿಗೆ ನೆರಳು ಆಗದು; ಗೆಣಸಿನ ಬಳ್ಳಿಯನ್ನೋ ಕುಂಬಳವನ್ನೋ ದಟ್ಟವಾಗಿ ಹಬ್ಬಿಸಿದ ನೆಲದಲ್ಲಿ ಅದು ಸೊರಗುವುದು.

ಕಾಡುರಾಗಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ರಾಗಿಯ ಪೈರಿನ ನಡುವೆ ಬೆಳೆಯುವ ಈ ದಾಯಾದಿಯನ್ನು ತೆನೆ ಬರುವ ತನಕ ಗುರುತಿಸುವುದು ಒಕ್ಕಲಿಗನಿಗೂ ಕಷ್ಟ. ಸಾವಿರಾರು ವರ್ಷಗಳಿಂದ ಮನುಷ್ಯನು ಬೆಳೆಗಿಂತ ಬೇರೆಯಾಗಿ ಕಂಡುದನ್ನೆಲ್ಲ ಕಿತ್ತು, ಬೆಳೆಯಂತೆ ಕಂಡುದನ್ನು ಉಳಿಸುತ್ತ ಬಂದಿದ್ದಾನೆ. ಹೀಗೆ ಕಳೆ ಕೀಳುವ ಕೈಯೇ ಕಳೆಗೆ ವೇಷವನ್ನು ಕಲಿಸಿದಂತಾಯಿತು. ರಷ್ಯಾ ದೇಶದ ವಾವಿಲೋಫ್ ಎಂಬ ಸಸ್ಯಶಾಸ್ತ್ರಜ್ಞನು, ಗೋದಿಯ ಹೊಲದ ಕಳೆಯಾಗಿದ್ದ ರೈ ಎಂಬ ಧಾನ್ಯವು ಇದೇ ದಾರಿಯಲ್ಲಿ ಗೋದಿಯನ್ನು ಹೋಲುತ್ತ ಬಂದು, ಕಡೆಗೆ ತಾನೇ ಒಂದು ಬೆಳೆಯಾಗಿ ನಿಂತಿತೆಂದು ತೋರಿಸಿದನು.

ಈಗ ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದ ವಂಶಕ್ಕೆ ಬರೋಣ. ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ, ಗಣಿಕೆ, ದತ್ತೂರ ಇವೆಲ್ಲವೂ ಒಂದೇ ಮನೆತನದವು. ಅನ್ನ ಕೊಡುವವರೂ ವಿಷವಿಕ್ಕುವವರೂ ಒಂದೇ ಮನೆಯಲ್ಲಿ ಹುಟ್ಟಿರುವಾಗ ಮುಖ ಹೋಲುವುದು ಸಹಜ.

ಇಲ್ಲಿ ಇಂಗ್ಲಿಷ್ ಓದಿದವರಾದ ನಮಗೆ ವಿಶೇಷವಾದ ಒಂದು ಗೊಂದಲವಿದೆ. ಗಣಿಕೆಸೊಪ್ಪನ್ನು ಹಳ್ಳಿಯವರು ನಿಶ್ಚಿಂತೆಯಿಂದ ಬೇಯಿಸಿ ತಿನ್ನುವರು. ಹುಡುಗರು ಅದರ ಕರಿಯ ಹಣ್ಣುಗಳನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವರು. ಇಂಗ್ಲಿಷ್ ಪುಸ್ತಕವನ್ನು ತೆರೆದರೆ ಅದಕ್ಕೆ ಬ್ಲ್ಯಾಕ್ ನೈಟ್‌ಷೇಡ್ ಎಂಬ ಹೆಸರು. ಮುಂದಿನ ಪುಟದಲ್ಲಿಯೇ ಡೆಡ್ಲಿ ನೈಟ್‌ಷೇಡ್, ಎಂದರೆ ಪ್ರಾಣಘಾತಕವಾದ ಬೆಲಡೊನ್ನ. ಹೆಸರಿನ ಅರ್ಧ ಸಮನಾಗಿರುವುದರಿಂದ ಓದಿದವರು ಬೆಚ್ಚಿ, ಅಜ್ಜಿ ನೆಟ್ಟಗೆ ಉಣಿಸುತ್ತಿದ್ದ ಸೊಪ್ಪನ್ನು ಬೇರುಸಹಿತ ಕಿತ್ತು ಎಸೆಯುವರು. ಬೆಲಡೊನ್ನ ಯೂರೋಪಿನ ಕಡೆಯ ಗಿಡ; ಮೈಸೂರಿನ ಹಿತ್ತಿಲುಗಳಲ್ಲಿ ತಾನಾಗಿ ಹುಟ್ಟತಕ್ಕುದಲ್ಲ. ಅದರ ಹೂವು ಮಾಸಲು ನೇರಿಳೆಯ ಬಣ್ಣದ ಗಂಟೆ, ಹಣ್ಣು ಒಂಟೊಂಟಿ. ಗಣಿಕೆಯ ಹೂವು ಸಣ್ಣ ಬಿಳಿಯ ನಕ್ಷತ್ರ, ನಡುವೆ ಹಳದಿಯ ಮೂಗು; ಹಣ್ಣುಗಳು ಗೊಂಚಲು, ಕಾಳುಮೆಣಸಿನ ಗಾತ್ರ. ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗಣಿಕೆಯ ಹಸುರುಕಾಯಿಯಲ್ಲಿ ಸೊಲನೀನ್ ಎಂಬ ವಿಷದ್ರವ್ಯವಿರುವುದು. ಹಣ್ಣು ತಿನ್ನುವ ಮಕ್ಕಳಿಗೆ ಕಾಯಿಯನ್ನು ಬಿಡುವಂತೆ ಹೇಳಿಕೊಡಬೇಕು. ಸೊಪ್ಪನ್ನು ಕುಯ್ಯುವಾಗಲೂ ಕಾಯಿ ಬೆರೆಯದಂತೆ ನೋಡಬೇಕು.

ನಿಜವಾಗಿ ಬೆಚ್ಚಬೇಕಾದುದು ದತ್ತೂರದ ಸಸಿಗೆ. ಬೆಳೆದ ದತ್ತೂರವನ್ನು ಯಾರೂ ತಪ್ಪಿ ತಿನ್ನರು. ಅಂಗೈಯಗಲದ ಸಸಿಯಾಗಿರುವಾಗ, ಕೀರೆ ದಂಟುಗಳ ಮಡಿಯಲ್ಲಿ ಒಂದೆರಡು ಸೇರಿಕೊಂಡು, ಕುಡುಗೋಲಿನ ಒಂದೇ ಹಿಡಿಗೆ ಬಂದರೆ ಅಪಾಯ. ಇದು ಬರಿಯ ಊಹೆಯಲ್ಲ. ೨೦೨೨ರ ಡಿಸೆಂಬರ್ ತಿಂಗಳಿನಲ್ಲಿ ಆಸ್ಟ್ರೇಲಿಯ ದೇಶದಲ್ಲಿ ಅಂಗಡಿಯ ಎಳೆಯ ಪಾಲಕ್ ಸೊಪ್ಪನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಸೊಪ್ಪಿನಲ್ಲಿ ದತ್ತೂರದ ಜಾತಿಯ ಕಳೆ ಬೆರೆತಿದ್ದುದೇ ಕಾರಣವೆಂದು ತಿಳಿದುಬಂದಿತು. ಯಂತ್ರಗಳಿಂದ ಬಿತ್ತಿ ಕುಯ್ಯುವ ದೊಡ್ಡ ಜಮೀನಿನಲ್ಲಿ ನಡೆದುದು ನಮ್ಮ ಹಿತ್ತಿಲಿನಲ್ಲಿ ನಡೆಯಬಾರದೆಂದೇನೂ ಇಲ್ಲ. ದತ್ತೂರದಲ್ಲಿರುವ ಆಟ್ರೊಪೀನ್, ಸ್ಕೊಪೊಲಮೀನ್ ಎಂಬ ದ್ರವ್ಯಗಳು ಬೇಯಿಸಿದ ಮಾತ್ರಕ್ಕೆ ಹೋಗತಕ್ಕುವಲ್ಲ. ಬಾಯಿ ಒಣಗುವುದು, ಕಣ್ಣಿನ ಪಾಪೆ ಅಗಲವಾಗಿ ದೃಷ್ಟಿ ಮಂಜಾಗುವುದು, ಎದೆ ಬಡಿತ ಹೆಚ್ಚುವುದು, ಮಾತು ತಪ್ಪುವುದು, ಇವು ಅದರ ಚಿಹ್ನೆಗಳು. ಹೀಗಾದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಸೊಪ್ಪನ್ನೂ ಗಿಡದ ಒಂದು ಕೊಂಬೆಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಬಹಳ ಸಹಾಯ.

ದತ್ತೂರದ ಸಸಿಯನ್ನು ತಿಳಿಯುವ ಬಗೆ ಇದು. ಬೀಜದಳಗಳು ಈಟಿಯಂತೆ ನೀಳವಾಗಿದ್ದು, ಬದನೆ ಟೊಮೇಟೊಗಳ ದಳಗಳಿಗಿಂತ ಎದ್ದು ಕಾಣುವಷ್ಟು ದೊಡ್ಡವು. ನಿಜವಾದ ಎಲೆಯ ಬುಡ ತೊಟ್ಟಿನ ಎರಡು ಕಡೆಯಲ್ಲಿಯೂ ಸಮನಾಗಿ ಕೂಡುವುದಿಲ್ಲ. ಒಂದು ಕಡೆ ಸ್ವಲ್ಪ ಕೆಳಗೆ ಇಳಿದಿರುವುದು. ಹಿಸುಕಿದರೆ ಹೇಸಿಗೆಯ ವಾಸನೆ; ಒಮ್ಮೆ ಮೂಸಿದವರು ಮರೆಯುವುದಿಲ್ಲ. ಎಳೆಯ ಬದನೆಯ ಎಲೆಯ ಕೆಳಮೈಯಾದರೋ ಉಣ್ಣೆಯಂತಹ ರೋಮದಿಂದ ತುಂಬಿ ಒರಟಾಗಿರುವುದು. ಕೀರೆಯ ಎಲೆಯ ತುದಿಯನ್ನು ನೋಡಿದರೆ ಅಲ್ಲಿ ಸಣ್ಣದೊಂದು ಕಚ್ಚು ಕಾಣಬಹುದು. ದತ್ತೂರದ ಎಲೆಯಾದರೋ ತುದಿಯಲ್ಲಿ ಚೂಪು. ಸೊಪ್ಪಿನ ಮಡಿಗಳನ್ನು ಕುಯ್ಯುವ ಹಿಂದಿನ ದಿನ ಒಮ್ಮೆ ಬಗ್ಗಿ ಈ ಕಣ್ಣಿನಿಂದ ನೋಡಿ ಬರುವುದಕ್ಕೆ ಕಾಲುಗಂಟೆ ಸಾಕು.

ಹಳದಿ ರಸದ ದತ್ತೂರಿಯ ವಿಷಯವನ್ನು ಬೇಗ ಮುಗಿಸಬಹುದು, ಏಕೆಂದರೆ ಅದನ್ನು ಮುಳ್ಳೇ ಸಾರಿ ಹೇಳುವುದು. ಮೆಕ್ಸಿಕೋ ಕಡೆಯಿಂದ ಬಂದ ಈ ಗಿಡದ ಬೀಜ ಮಾತ್ರ ಸಾಸಿವೆಯಂತೆ ಸಣ್ಣಗೆ ಕರಿದಾಗಿರುವುದು. ೧೯೯೮ರಲ್ಲಿ ದೆಹಲಿಯಲ್ಲಿ ಸಾಸಿವೆಯ ಎಣ್ಣೆಗೆ ಇದರ ಎಣ್ಣೆ ಬೆರೆತು, ಮೈ ಬಾತುಕೊಳ್ಳುವ ರೋಗ ಹರಡಿ, ೬೦ಕ್ಕೂ ಹೆಚ್ಚು ಮಂದಿ ಸತ್ತರು. ಮನೆಯ ಬಳಕೆಗೆ ಸಾಸಿವೆ ಬಿತ್ತಿಕೊಳ್ಳುವವರು ದತ್ತೂರಿಯನ್ನು ಹೂವಿಗೆ ಬಿಡಬಾರದು.

ಪಾರ್ಥೇನಿಯಮ್ ಎಂಬ ಹೆಸರಿಗಿಂತ ಕಾಂಗ್ರೆಸ್ ಗಿಡವೆಂದರೆ ಎಲ್ಲರಿಗೂ ತಿಳಿಯುವುದು. ಅಮೆರಿಕದಿಂದ ತರಿಸಿದ ಗೋದಿಯೊಡನೆ ಇದರ ಬೀಜ ಬಂದಿತೆಂದು ಹೇಳುವರು. ೧೯೫೬ರಲ್ಲಿ ಪುಣೆಯಿಂದ ಇದರ ವರದಿ ಪ್ರಕಟವಾಯಿತು; ಅಲ್ಲಿಂದ ಮುಂದೆ ನಮ್ಮ ಸೀಮೆಯ ಖಾಲಿ ನಿವೇಶನಗಳೆಲ್ಲ ಅದರದೇ. ೧೯೮೪ರಲ್ಲಿ ಬೆಂಗಳೂರಿನಲ್ಲಿ, ಅದರ ಎಲೆಯನ್ನು ತಿನ್ನುವ ಮೆಕ್ಸಿಕೋ ದೇಶದ ಒಂದು ದುಂಬಿಯನ್ನು ಬಿಡಲಾಯಿತು. ಮಳೆಗಾಲದಲ್ಲಿ ಗಿಡವೆಲ್ಲ ಜರಡಿಯಾಗಿ ಕಂಡರೆ ಆ ಹುಳುವನ್ನು ಕೊಲ್ಲಬೇಡಿ; ಅದು ನಮ್ಮ ಕೆಲಸದಾಳು. ಈ ಗಿಡದ ಸಂಪರ್ಕದಿಂದ ಕೆಲವರಿಗೆ ಮೈಯೆಲ್ಲ ಗಂಧೆಯೆದ್ದು ತುರಿಕೆಯಾಗುವುದು, ಪರಾಗದಿಂದ ಉಬ್ಬಸ ಹೆಚ್ಚುವುದು. ಹೂ ಬಿಡುವ ಮೊದಲೇ, ಕೈಗೆ ಚೀಲ ಹಾಕಿಕೊಂಡು, ಮಣ್ಣು ಹಸಿಯಾಗಿರುವಾಗ ಬೇರುಸಹಿತ ತೆಗೆಯಬೇಕು. ಅದರ ಸಸಿಯನ್ನು ಹೂವಿನ ಗಿಡವೆಂದು ಭ್ರಮಿಸಿ ನೀರೆರೆಯುವವರೂ ಉಂಟು. ಎಲೆ ಸೇವಂತಿಗೆಯಂತೆ ಇರುವುದರಿಂದ ಅವರನ್ನು ದೂರುವಂತೆಯೂ ಇಲ್ಲ.

ಇಷ್ಟಾದರೂ ಹೆಸರು ತಿಳಿಯದ ಗಿಡ ಒಂದೆರಡು ಉಳಿದೇ ಉಳಿಯುವುವು. ಅಂತಹುದನ್ನು ಒಂದನ್ನು ಮಾತ್ರ ಪಾತಿಯ ಅಂಚಿನಲ್ಲಿ ಬಿಟ್ಟು, ಕಡ್ಡಿ ನೆಟ್ಟು ಗುರುತು ಮಾಡಿ, ಹೂವಾಗುವ ತನಕ ಕಾಯಬೇಕು. ಎಲೆ ಮೋಸಮಾಡುವುದುಂಟು, ಹೂವು ಮೋಸಮಾಡುವುದು ಅಪರೂಪ. ಹೂವು ಕಾಯಿಗಳಿರುವ ಕೊಂಬೆಯನ್ನು ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ನಾಲ್ಕು ದಪ್ಪ ಪುಸ್ತಕಗಳನ್ನು ಹೇರಿ, ದಿನಕ್ಕೊಮ್ಮೆ ಹಾಳೆ ಬದಲಾಯಿಸುತ್ತ ಒಣಗಿಸಿದರೆ ವರ್ಷಗಟ್ಟಲೆ ಕೆಡದು. ಪಕ್ಕದಲ್ಲಿ ದಿನಾಂಕ, ಬೆಳೆದ ಸ್ಥಳ, ಹೂವಿನ ಬಣ್ಣ, ರಸ ಹೇಗಿತ್ತೆಂಬುದನ್ನು ಬರೆದಿಡಬೇಕು. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಉಳಿಯುವುದಿಲ್ಲ. ಮೈಸೂರಿನವರಿಗೆ ಒಂದು ಭಾಗ್ಯವಿದೆ. ಈ ಜಿಲ್ಲೆಯ ಸಸ್ಯಗಳನ್ನೆಲ್ಲ ಕುರಿತು ರಾಘವೇಂದ್ರ ರಾವ್ ಮತ್ತು ರಾಜಿ ಎಂಬ ವಿದ್ವಾಂಸರು ಬರೆದ ಗ್ರಂಥವು ೧೯೮೧ರಲ್ಲಿಯೇ ಪ್ರಕಟವಾಗಿದೆ. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗವಿದೆ. ಹೀಗೆ ಒಣಗಿಸಿದ ಮಾದರಿಯಿದ್ದರೆ ಬಲ್ಲವರನ್ನು ಕೇಳುವುದು ಸುಲಭ. ಕೈಯಲ್ಲಿನ ದೂರವಾಣಿಯಿಂದಲೇ ಚಿತ್ರ ತೆಗೆದು ಹೆಸರು ಕೇಳುವ ಅನುಕೂಲವೂ ಈಗ ಇದೆ. ಹೂವಿರುವ ಗಿಡದಲ್ಲಿ ಅದು ಒಳ್ಳೆಯ ಸುಳಿವನ್ನು ಕೊಡಬಲ್ಲುದು. ಎರಡೆಲೆಯ ಸಸಿಯನ್ನು ತೋರಿಸಿ, ಅದು ಹೇಳಿದ ಹೆಸರನ್ನು ನಂಬಿ ಒಲೆಯ ಮೇಲೆ ಪಾತ್ರೆಯಿಡುವುದನ್ನು ನಾವು ಯಾರಿಗೂ ಹೇಳಲಾರೆವು. ಸೊಪ್ಪು ಮಾರುವ ಅಜ್ಜಿಯನ್ನು ಕೇಳುವುದು ಅದಕ್ಕಿಂತ ಮೇಲು, ಗಿಡವನ್ನು ಹಸಿಯಾಗಿಯೇ ಕೈಗೆ ಕೊಟ್ಟರೆ.

ಈ ಅತಿಥಿಗಳು ಎಲ್ಲಿಂದ ಬರುವರೆಂದು ಕೇಳುವವರಿಗೆ ಒಂದು ಮಾತು. ಅರೆಕೊಳೆತ ಕೊಟ್ಟಿಗೆಗೊಬ್ಬರದಲ್ಲಿ ಬೀಜಗಳು ಜೀವಂತವಾಗಿ ಬರುವುವು. ಚೆನ್ನಾಗಿ ಬೆಳೆದ ಒಂದು ಮುಳ್ಳುದಂಟು ಲಕ್ಷಕ್ಕೆ ಮೀರಿದ ಬೀಜಗಳನ್ನು ಉದುರಿಸಬಲ್ಲುದು. ಉಳಿದುವು ಮಣ್ಣಿನಲ್ಲಿಯೇ ನಿದ್ದೆಮಾಡುತ್ತಿರುವುವು. ಅಮೆರಿಕದ ಮಿಷಿಗನ್ ಎಂಬಲ್ಲಿ ಬೀಲ್ ಎಂಬ ಪ್ರೊಫೆಸರು ೧೮೭೯ರಲ್ಲಿ ಕಳೆಯ ಬೀಜಗಳನ್ನು ಇಪ್ಪತ್ತು ಶೀಸೆಗಳಲ್ಲಿ ತುಂಬಿ ಹೂತಿಟ್ಟನು. ಅವುಗಳಲ್ಲಿ ಒಂದನ್ನು ೨೦೨೧ರಲ್ಲಿ ಅಗೆದು ತೆಗೆದು ಬಿತ್ತಿದಾಗ, ೧೪೨ ವರ್ಷಗಳ ಮೇಲೆಯೂ ಕೆಲವು ಬೀಜಗಳು ಮೊಳೆತುವು. ಆದುದರಿಂದ ಕಿತ್ತ ಕಳೆಯನ್ನು ಎಲ್ಲಿ ಹಾಕುತ್ತೇವೆಂಬುದನ್ನೂ ನೋಡಬೇಕು. ಹೂವಾಗದ ಕೀರೆ, ಪುಲ್ಲಂಪುರಚಿ ಮುಂತಾದುವು ಗೊಬ್ಬರದ ಗುಂಡಿಗೆ ಹೋಗಲಿ. ಗೋಣಿಸೊಪ್ಪನ್ನು ಕಿತ್ತು ಪಾತಿಯ ಮೇಲೆಯೇ ಬಿಟ್ಟರೆ, ತನ್ನ ಕಾಂಡದ ನೀರಿನಿಂದಲೇ ಮತ್ತೆ ಬೇರೂರುವುದು. ಜೇಕಿನ ಗಡ್ಡೆಯನ್ನೂ ಗರಿಕೆಯ ಬೇರನ್ನೂ ಮೊದಲು ಕಲ್ಲುಚಪ್ಪಡಿಯ ಮೇಲೆ ಹರಡಿ, ಬಿಸಿಲಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ, ಆಮೇಲೆ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದ ದತ್ತೂರವನ್ನೂ ಕಾಂಗ್ರೆಸ್ ಗಿಡವನ್ನೂ ಗುಂಡಿಯ ಹತ್ತಿರಕ್ಕೆ ತರಲೇಬಾರದು.